ಗಾಳಿಯನ್ನು ಕೇಳಿ ಹೊರಡಿ: ಪ್ರೊವಾನ್ಸ್ ಗುಡ್ಡಗಳಲ್ಲಿ ಸೈಕಲ್ ಸವಾರಿ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಹಳ್ಳಿಗಳಲ್ಲಿ ತಲೆಯೆತ್ತಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಎಷ್ಟೋ ಊರುಗಳ ಗಂಟೆಗೋಪುರದ ತುದಿಗೆ ಗೋಡೆಯಿಲ್ಲ, ಮಾಡೂ ಇಲ್ಲ. ಕಬ್ಬಿಣದ ಸರಳು ಬಾಗಿಸಿ ಮಾಡಿದ ಪಂಜರ, ಅದರೊಳಗೆ ತೂಗುವ ಗಂಟೆ, ಅಷ್ಟೇ. ಚೆಂದಕ್ಕೆಂದು ಮಾಡಿದ್ದಲ್ಲ, ಗಾಳಿ ಅಡ್ಡಿಯಿಲ್ಲದೆ ಹಾದುಹೋಗಲಿ ಎಂದು ಮಾಡಿದ್ದು. ಹಳೆಯ ತೋಟದ ಮನೆಗಳ ಉತ್ತರದ ಗೋಡೆಯಲ್ಲಿ ಕಿಟಕಿ ಕಾಣುವುದು ಅಪರೂಪ. ಹೊಲದ ಉತ್ತರದ ಬದುವಿಗೆ ಸೈಪ್ರೆಸ್ ಮರಗಳ ಒತ್ತಾದ ಸಾಲು. ಊರಿಗೆ ಊರೇ ಒಂದು ದಿಕ್ಕಿಗೆ ಬೆನ್ನು ಕೊಟ್ಟು ಕೂತಂತಿದೆ. ಆ ದಿಕ್ಕಿನಿಂದ ಬರುವುದು ಮಿಸ್ತ್ರಾಲ್, ಅಂದರೆ ರೋನ್ ನದಿಯ ಕಣಿವೆ ಹಿಡಿದು ಉತ್ತರ, ವಾಯವ್ಯಗಳಿಂದ ನುಗ್ಗುವ ಒಣ ತಣ್ಣನೆಯ ಗಾಳಿ.

ಈ ಸೀಮೆಯಲ್ಲಿ ಸೈಕಲ್ ತುಳಿಯಬೇಕೆನ್ನುವವರು ನಕ್ಷೆಗಿಂತ ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಈ ಗಾಳಿಯನ್ನು. ಬೆಂಗಳೂರಿನ ಸೈಕಲ್ ಗೆಳೆಯರು ಪ್ರೊವಾನ್ಸ್ ಎಂದರೆ ಒಂದೇ ಒಂದು ಬೆಟ್ಟದ ಹೆಸರು ಹೇಳುತ್ತಾರೆ: ಮೋಂ ವಾಂತೂ. ಟೂರ್ ಡಿ ಫ್ರಾನ್ಸ್ ಟಿ.ವಿ.ಯಲ್ಲಿ ನೋಡಿದವರಿಗೆಲ್ಲ ಆ ಬೋಳು ಬಿಳಿ ನೆತ್ತಿ ಗೊತ್ತು. ಐದು ದಿನದ ರಜೆ ಹಾಕಿ, ಅದೊಂದನ್ನು ಹತ್ತಿ, ಫೋಟೋ ತೆಗೆಸಿಕೊಂಡು ಬರುವುದು ಎಲ್ಲರ ಲೆಕ್ಕ. ನಾನೂ ಮೊದಲ ಸಲ ಹಾಗೇ ಹೋಗಿದ್ದೆ. ಗಾಳಿ ಮೂರು ದಿನ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ತಪ್ಪಲಿನ ದ್ರಾಕ್ಷಿ ತೋಟಗಳ ನಡುವೆ ಸುತ್ತಾಡಿದ ಆ ಮೂರು ದಿನಗಳೇ ಈಗ ಹೆಚ್ಚು ನೆನಪಿನಲ್ಲಿರುವುದು. ಹಾಗಾಗಿ ಒಂದು ವಾರವಾದರೂ ಇಟ್ಟುಕೊಳ್ಳಿ. ಅದರಲ್ಲಿ ಬೆಟ್ಟಕ್ಕೆ ಒಂದೇ ದಿನ ಕೊಡಿ. ಯಾವ ದಿನ ಎಂಬುದನ್ನು ಮಾತ್ರ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಅಲ್ಲಿನ ಗಾಳಿಗೆ ಬಿಡಿ.

ಮಿಸ್ತ್ರಾಲ್ ಶುರುವಾದರೆ ಮೂರು ದಿನ, ಇಲ್ಲದಿದ್ದರೆ ಆರು, ಇಲ್ಲದಿದ್ದರೆ ಒಂಬತ್ತು ದಿನ ಬೀಸುತ್ತದೆ ಎಂದು ಅಲ್ಲಿಯ ಜನ ಹೇಳುತ್ತಾರೆ. ಹವಾಮಾನದವರು ಒಪ್ಪಲಿ ಬಿಡಲಿ, ಯೋಜನೆ ಹಾಕಲು ಈ ಲೆಕ್ಕ ಸಾಕು. ಚಳಿಗಾಲ ಮತ್ತು ವಸಂತದ ಮೊದಲ ಭಾಗದಲ್ಲಿ ಇದರ ಕಾಟ ಹೆಚ್ಚು. ಬೆಟ್ಟದ ಮೇಲಿನ ರಸ್ತೆ ಹಿಮದಿಂದಾಗಿ ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ, ಕೆಲವೊಮ್ಮೆ ಮೇವರೆಗೂ ಮುಚ್ಚಿರುತ್ತದೆ. ಬುಡದಲ್ಲೇ ಶಿಖರ ತೆರೆದಿದೆಯೋ ಇಲ್ಲವೋ ಎಂದು ತೋರಿಸುವ ಫಲಕವಿದೆ. ಜುಲೈ, ಆಗಸ್ಟ್‌ನಲ್ಲಿ ಲ್ಯಾವೆಂಡರ್ ಹೂವು ಸಿಗುತ್ತದೆ, ಜೊತೆಗೆ ಬಿಸಿಲೂ ಜನಜಂಗುಳಿಯೂ ಸಿಗುತ್ತದೆ. ನನ್ನ ಆಯ್ಕೆ ಮೇ ಕೊನೆಯಿಂದ ಜೂನ್ ಮಧ್ಯ, ಅಥವಾ ಸೆಪ್ಟೆಂಬರ್. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡರೂ ಬೇಸರವಾಗದ ಕಾಲ ಅದು, ದಾರಿಯುದ್ದಕ್ಕೂ ಹುಳಿಸಿಹಿ ವಾಸನೆ.

ಊರ ಹೆಸರುಗಳ ಬಗ್ಗೆ ಒಂದು ಮಾತು. ಫ್ರೆಂಚರು ಬರೆಯುವುದೊಂದು, ಓದುವುದೊಂದು. ಫಲಕದ ಮೇಲೆ ಐದಾರು ಅಕ್ಷರ ಕಂಡರೆ ಬಾಯಲ್ಲಿ ಎರಡು ಉಳಿದಿರುತ್ತದೆ. ‘ಸೋ’ ಎಂಬ ಊರಿಗೆ ಬರವಣಿಗೆಯಲ್ಲಿ ಎಲ್ ಮತ್ತು ಟಿ ಕೂಡ ಇವೆ. ದಾರಿ ಕೇಳುವಾಗ ಗಲಿಬಿಲಿ ಬೇಡವೆಂದರೆ ರಸ್ತೆಯ ನಂಬರನ್ನು ನಂಬಿ. ಇಲ್ಲಿನ ಜಿಲ್ಲಾ ರಸ್ತೆಗಳಿಗೆಲ್ಲ ‘ಡಿ’ ಎಂಬ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ಕೆಳಗೆ ಬೇಕಾದಲ್ಲಿ ಅದನ್ನೇ ಕೊಟ್ಟಿದ್ದೇನೆ.

ಮೊದಲ ದಿನಕ್ಕೆ: ಕಲ್ಲಿನ ಕಸೂತಿ

ವಾಂತೂ ಬೆಟ್ಟದ ಪಶ್ಚಿಮಕ್ಕೆ ಒಂದು ಚಿಕ್ಕ ಸುಣ್ಣಕಲ್ಲಿನ ಸಾಲಿದೆ, ದಾಂತೆಲ್ ದ ಮೋಂಮಿರಾಯ್. ದಾಂತೆಲ್ ಎಂದರೆ ಲೇಸು, ಕಸೂತಿಯ ಅಂಚು. ಬಾನಿಗೆ ಹಲ್ಲುಹಲ್ಲಾಗಿ ಚಾಚಿದ ಆ ಬಂಡೆಗಳನ್ನು ನೋಡಿದರೆ ಹೆಸರು ಯಾಕೆ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ. ವಿಮಾನದ ಆಯಾಸ ಕಳೆಯಲು ಇದರ ಸುತ್ತಿನ ದಾರಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸುಮಾರು 55 ಕಿ.ಮೀ., ಅರ್ಧ ದಿನದ ಕೆಲಸ, ಇಡೀ ದಿನ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಮಲೊಸೆನ್ ಊರಿನಿಂದ ಡಿ 90 ರಸ್ತೆ ಹಿಡಿದು ಹೊರಟರೆ ಮೊದಲು 472 ಮೀಟರ್ ಎತ್ತರದ ಕೋಲ್ ದ ಲಾ ಶೆನ್ ಎಂಬ ಕಣಿವೆದಾರಿ. ‘ಕೋಲ್’ ಎಂದರೆ ಎರಡು ಗುಡ್ಡಗಳ ನಡುವಿನ ತಗ್ಗಿನ ದಾಟು. ಅದನ್ನು ದಾಟಿ ಹಾವಿನಂತೆ ಹರಿಯುವ ರಸ್ತೆಯಲ್ಲಿ ಹೋದರೆ ಸುಝೆತ್ ಎಂಬ ಪುಟ್ಟ ಹಳ್ಳಿ. ನಾಲ್ಕು ಮನೆ, ಒಂದು ಚರ್ಚು. ಇಲ್ಲಿ ನಿಲ್ಲಲೇಬೇಕು. ಒಂದು ಕಡೆ ಕಸೂತಿ ಬಂಡೆಗಳು, ಇನ್ನೊಂದು ಕಡೆ ಪೂರ್ವದಿಕ್ಕನ್ನೆಲ್ಲ ಆವರಿಸಿದ ವಾಂತೂ, ನಡುವೆ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ದ್ರಾಕ್ಷಿ ಮತ್ತು ಆಲಿವ್.

ದ್ರಾಕ್ಷಿ ಎಂದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಚಪ್ಪರ ನೋಡಿದ ಕಣ್ಣಿಗೆ ಇಲ್ಲಿನ ಗಿಡಗಳು ಮೊದಲು ಬಡಕಲಾಗಿ ಕಾಣುತ್ತವೆ. ನಮ್ಮಲ್ಲಿ ನೀಲಿ ದ್ರಾಕ್ಷಿ ತಲೆಯ ಮೇಲೆ ಹಬ್ಬಿ ನೆರಳು ಕೊಡುತ್ತದೆ. ಇಲ್ಲಿನ ಹಳೆಯ ತೋಟಗಳಲ್ಲಿ ಬಳ್ಳಿಯನ್ನು ಹಬ್ಬಲು ಬಿಡುವುದೇ ಇಲ್ಲ. ಮೊಣಕಾಲೆತ್ತರಕ್ಕೆ ಕತ್ತರಿಸಿ, ಬಟ್ಟಲಿನ ಆಕಾರದ ಕುಳ್ಳು ಗಿಡವಾಗಿ ನಿಲ್ಲಿಸುತ್ತಾರೆ. ಮಿಸ್ತ್ರಾಲ್‌ಗೆ ಸಿಕ್ಕಿ ಮುರಿಯಬಾರದಲ್ಲ! ಆದರೆ ಅದೇ ಗಾಳಿ ಎಲೆಯ ತೇವ ಆರಿಸಿ ಬೂಜುರೋಗ ದೂರವಿಡುತ್ತದೆ. ಬೆಳೆಗಾರ ಅದನ್ನು ಬೈಯುವುದೂ ಉಂಟು, ಹೊಗಳುವುದೂ ಉಂಟು.

ಸುಝೆತ್‌ನಿಂದ ಇಳಿಜಾರು ಬೋಮ್ ದ ವೆನೀಸ್‌ಗೆ ಇಳಿಸುತ್ತದೆ. ಮಸ್ಕತ್ ದ್ರಾಕ್ಷಿಯಿಂದ ಮಾಡುವ ಸಿಹಿ ವೈನಿಗೆ ಹೆಸರಾದ ಊರು. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಒಂದರ ಹಿಂದೊಂದು ವಕೆರಾಸ್, ಝಿಗೊಂದಾಸ್, ಸಾಬ್ಲೆ, ಸೆಗುರೆ. ವೈನ್ ಕುಡಿಯುವವರಿಗೆ ಇವು ಬಾಟಲಿಯ ಮೇಲಿನ ಹೆಸರುಗಳು. ಝಿಗೊಂದಾಸ್ 1971ರಲ್ಲಿ, ವಕೆರಾಸ್ 1990ರಲ್ಲಿ ತಮ್ಮದೇ ಊರ ಹೆಸರಿನಲ್ಲಿ ವೈನ್ ಮಾರುವ ಪ್ರತ್ಯೇಕ ಹಕ್ಕು ಪಡೆದವು. ಎರಡರಲ್ಲೂ ಮುಖ್ಯ ತಳಿ ಗ್ರೆನಾಶ್ ಎಂಬ ಕಪ್ಪು ದ್ರಾಕ್ಷಿ. ದಾರಿಬದಿಯ ನೆಲಮಾಳಿಗೆಗಳಲ್ಲಿ ರುಚಿ ನೋಡಲು ಕರೆಯುತ್ತಾರೆ. ನೋಡಿ, ಆದರೆ ಉಗುಳಿಬಿಡಿ. ಅಲ್ಲಿ ಅದು ಅಸಭ್ಯವಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಎಂಬ ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ.

ಸೆಗುರೆಯಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯಿರಿ. ಕ್ಲೀಟ್ ಬೂಟು ಅಲ್ಲಿನ ನುಣುಪು ಕಲ್ಲುಹಾಸಿಗೆ ಲಾಯಕ್ಕಲ್ಲ. ಮುಂದೆ ವೆಝೋಂ ಲಾ ರೊಮೆನ್. ಹೆಸರೇ ಹೇಳುವಂತೆ ರೋಮನ್ ಕಾಲದ ಪಟ್ಟಣ. ಊವೆಝ್ ನದಿಗೆ ಆ ಕಾಲದವರು ಒಂದೇ ಕಮಾನಿನ ಸೇತುವೆ ಕಟ್ಟಿದ್ದಾರೆ. 1992ರ ಸೆಪ್ಟೆಂಬರ್ 22ರಂದು ಬಂದ ಪ್ರವಾಹ ಊರಿನಲ್ಲಿ ದೊಡ್ಡ ಸಾವುನೋವು ಮಾಡಿತು. ನೀರು ಸೇತುವೆಯ ಮೇಲೆಯೇ ಹರಿಯಿತು. ಎರಡು ಸಾವಿರ ವರ್ಷ ಹತ್ತಿರವಾದ ಕಲ್ಲಿನ ಕಮಾನು ಮಾತ್ರ ಕದಲಲಿಲ್ಲ. ಈಗಲೂ ಅದರ ಮೇಲೆ ಸೈಕಲ್ ಓಡಿಸಬಹುದು. ಇಲ್ಲಿಂದ ಮಲೊಸೆನ್‌ಗೆ ಡಿ 938, ಸುಮಾರು ಹತ್ತು ಕಿ.ಮೀ. ಈ ತುಂಡಿನಲ್ಲಿ ಮಾತ್ರ ವಾಹನ ಸ್ವಲ್ಪ ಹೆಚ್ಚು.

ಎರಡನೆಯದು: ನೆಸ್ಕ್ ಕಂದರ

ಏರು ಎಂದರೆ ಹೆದರುವವರನ್ನು ನಾನು ಕರೆದೊಯ್ಯುವುದು ಇಲ್ಲಿಗೆ. ಬೆದ್ವಾಂ ಊರಿನಿಂದ ಫ್ಲಾಸಾಂ ಮೂಲಕ ವಿಲ್ ಸುರ್ ಓಝೋಂ ತಲುಪಿ, ಅಲ್ಲಿಂದ ಡಿ 942. ನೆಸ್ಕ್ ನದಿ ಕೊರೆದ ಆಳವಾದ ಕಂದರದ ಗೋಡೆಯಲ್ಲಿ, ಹೊಳೆಯಿಂದ ಬಹಳ ಮೇಲೆ, ಬಂಡೆ ಕಡಿದು ಮಾಡಿದ ರಸ್ತೆ. ಏರು ಇದೆ, ಕಾಲಿಗೆ ಹೆಚ್ಚು ಗೊತ್ತಾಗುವುದಿಲ್ಲ. ಗಂಟೆಗೊಂದಿಷ್ಟು ಕಾರು, ಅಷ್ಟೇ. ಅಲ್ಲಲ್ಲಿ ಚಿಕ್ಕ ಸುರಂಗಗಳಿವೆ, ತಂಪು ಕನ್ನಡಕ ತೆಗೆದು ನುಗ್ಗಿ. ಕೆಳಗೆ ಓಕ್ ಕಾಡು, ಎದುರಿಗೆ ರೊಶೆ ದು ಸಿರ್ ಎಂಬ ನೆಟ್ಟನೆಯ ಬಂಡೆ, 872 ಮೀಟರ್. ‘ಸಿರ್’ ಎಂದರೆ ಜೇನುಮೇಣ. ನಮ್ಮ ಮಲೆನಾಡಿನ ಹೆಜ್ಜೇನು ಕಲ್ಲುಗಳ ಹಾಗೆ ಅದೂ ಜೇನುನೊಣಗಳಿಂದ ಹೆಸರಾದ ಬಂಡೆ. 734 ಮೀಟರ್ ಎತ್ತರದ ಕಸ್ತೆಲ್ಲರಾಸ್ ತಾಣದಲ್ಲಿ ಅದು ಸರಿಯಾಗಿ ಎದುರಾಗುತ್ತದೆ. ಅಲ್ಲಿ ಪ್ರೊವಾನ್ಸಾಲ್ ಭಾಷೆಯ ಕವಿ ಫ್ರೆಡೆರಿಕ್ ಮಿಸ್ತ್ರಾಲ್ ನೆನಪಿನ ಕಲ್ಲೂ ಇದೆ. 1904ರಲ್ಲಿ ನೊಬೆಲ್ ಪಡೆದ ಈ ಕವಿಯ ಮನೆತನದ ಹೆಸರೂ ಗಾಳಿಯ ಹೆಸರೂ ಒಂದೇ.

ಮೊನ್ಯೂ ದಾಟಿದರೆ ಸೋ. ಲ್ಯಾವೆಂಡರ್ ಹೊಲಗಳ ನಡುವೆ ಗುಡ್ಡದ ಅಂಚಿಗೆ ಕೂತ ಊರು. ನುಗಾ ಎಂಬ ಜೇನು-ಬಾದಾಮಿಯ ಮಿಠಾಯಿಗೆ ಹೆಸರುವಾಸಿ, ಬುಧವಾರ ಸಂತೆ. ಮರಳಲು ಅದೇ ಕಂದರ ಹಿಡಿಯಬಹುದು. ಕಾಲಿನಲ್ಲಿ ಕಸುವಿದ್ದರೆ ಡಿ 1ರಲ್ಲಿ 996 ಮೀಟರಿನ ಕೋಲ್ ದೆಝ್ ಅಬೆಯ್, ಅಂದರೆ ‘ಜೇನುನೊಣಗಳ ದಾಟು’, ಹತ್ತಿ ಇಳಿಯಿರಿ. ಒಟ್ಟು ಸುತ್ತು 75–80 ಕಿ.ಮೀ. ಆಗುತ್ತದೆ. ಗಾಳಿಯಿರುವ ದಿನಕ್ಕೂ ಈ ದಾರಿ ಒಗ್ಗುತ್ತದೆ, ಕಂದರದ ಗೋಡೆಗಳು ಅಷ್ಟಿಷ್ಟು ಮರೆ ಕೊಡುತ್ತವೆ. ಒಂದೇ ತೊಂದರೆ, ವಿಲ್ ಸುರ್ ಓಝೋಂ ಬಿಟ್ಟರೆ ಮೊನ್ಯೂವರೆಗೆ ನೀರಿಲ್ಲ, ಅಂಗಡಿಯಿಲ್ಲ. ಎರಡು ಬಾಟಲಿ ತುಂಬಿಸಿಕೊಂಡೇ ಹೊರಡಿ.

ಬೆಟ್ಟ

ವಾಂತೂ ಎಂದೊಡನೆ ಕನ್ನಡದ ಕಿವಿಗೆ ವಾಂತಿ ನೆನಪಾದರೆ ತಪ್ಪಿಲ್ಲ. ಕಾಡಿನ ಭಾಗದ ಎಂಟನೇ ಕಿಲೋಮೀಟರಿನಲ್ಲಿ ಆ ಹೆಸರು ಸರಿಯೆಂದೇ ಅನ್ನಿಸುತ್ತದೆ.

ಎತ್ತರ ಸುಮಾರು 1,910 ಮೀಟರ್. ನಮ್ಮ ಮುಳ್ಳಯ್ಯನಗಿರಿಯೂ ಹೆಚ್ಚುಕಡಿಮೆ ಅಷ್ಟೇ, ಇಪ್ಪತ್ತು ಮೀಟರ್ ಆಚೀಚೆ. ವ್ಯತ್ಯಾಸವಿರುವುದು ಬುಡದಲ್ಲಿ. ಚಿಕ್ಕಮಗಳೂರು ಆಗಲೇ ಸಾವಿರ ಮೀಟರ್ ಮೇಲಿದೆ, ಬೆದ್ವಾಂ ಇರುವುದು ಮುನ್ನೂರರಲ್ಲಿ. ಸಾವಿರದ ಆರುನೂರು ಮೀಟರನ್ನು ಒಂದೇ ಉಸಿರಿಗೆ ಏರಬೇಕು. ಬೆಂಗಳೂರಿನವರ ಅಳತೆಗೋಲಿನಲ್ಲಿ ಹೇಳುವುದಾದರೆ, ನಂದಿ ಬೆಟ್ಟದ ಏರು ಸುಮಾರು ಎಂಟು ಕಿ.ಮೀ., ನಾನೂರು ಚಿಲ್ಲರೆ ಮೀಟರ್. ಅದನ್ನು ನಡುವೆ ಇಳಿಯದೆ ನಾಲ್ಕು ಸಲ ಒಂದರ ಮೇಲೊಂದು ಜೋಡಿಸಿ, ಇಳಿಜಾರನ್ನು ಇನ್ನಷ್ಟು ಕಡಿದು ಮಾಡಿ. ಹೋಗುವ ಮೊದಲು ಒಂದೇ ಬೆಳಗ್ಗೆ ನಂದಿಯನ್ನು ಮೂರು ಸಲ ಹತ್ತಿ ಇಳಿದು, ಮಾರನೆಯ ದಿನ ಎಂದಿನಂತೆ ಓಡಾಡಲು ಆದರೆ ನೀವು ತಯಾರು.

ಮೇಲೆ ಹೋಗಲು ಮೂರು ಡಾಂಬರು ದಾರಿಗಳಿವೆ. ಬೆದ್ವಾಂ ಕಡೆಯದು ಡಿ 974, ಇಪ್ಪತ್ತೊಂದು ಕಿ.ಮೀ., ಸರಾಸರಿ ಏರು ಶೇ. 7.5ರ ಹತ್ತಿರ. ಎಲ್ಲರೂ ಮಾತಾಡುವುದು ಇದರ ಬಗ್ಗೆಯೇ. ಮಲೊಸೆನ್ ಕಡೆಯದೂ ಅಷ್ಟೇ ಉದ್ದ, ಏರಿನಲ್ಲಿ ಕೂದಲೆಳೆ ಕಡಿಮೆ. ನಡುನಡುವೆ ದಾರಿ ಸಮನಾಗಿ ಉಸಿರು ಬಿಡಲು ಬಿಡುತ್ತದೆ, ಹಿಂದೆಯೇ ಶೇ. 11ಕ್ಕೆ ಏರಿ ಸಾಲ ವಸೂಲಿ ಮಾಡುತ್ತದೆ. ಸೋ ಕಡೆಯ ಡಿ 164 ಉದ್ದ ಹೆಚ್ಚು, 26 ಕಿ.ಮೀ., ಆದರೆ ಸರಾಸರಿ ಏರು ಶೇ. 4.5ರಷ್ಟೇ. ಮೊದಲ ಸಲದವರು, ಐವತ್ತು ದಾಟಿದವರು, ಮೊಣಕಾಲು ನೋವಿನವರು ಯಾವ ಸಂಕೋಚವೂ ಇಲ್ಲದೆ ಸೋ ದಾರಿ ಹಿಡಿಯಿರಿ. ಕೊನೆಯ ಆರು ಕಿ.ಮೀ. ಹೇಗೂ ಬೆದ್ವಾಂ, ಸೋ ಎರಡೂ ದಾರಿಯವರಿಗೆ ಒಂದೇ, ಮೇಲಿನ ನೋಟವೂ ಒಂದೇ.

ಬೆದ್ವಾಂ ದಾರಿಯ ಮೋಸ ಇರುವುದು ಅದರ ಆರಂಭದಲ್ಲಿ. ಮೊದಲ ಐದಾರು ಕಿ.ಮೀ. ದ್ರಾಕ್ಷಿ, ಚೆರ್ರಿ ತೋಟಗಳ ನಡುವೆ ಹಗುರಾಗಿ ಏರುತ್ತದೆ. ನನ್ನ ಜೊತೆಗಿದ್ದ ಹುಡುಗ ಆ ಹೊತ್ತಿನಲ್ಲಿ “ಇಷ್ಟೇನಾ ಗುರು?” ಎಂದು ಮುಂದೆ ಹೋದವನು ಮತ್ತೆ ಸಿಕ್ಕಿದ್ದು ಕಾಡಿನೊಳಗೆ, ರಸ್ತೆ ಬದಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದಾಗ. ಸಾಂತೆಸ್ತೆವ್ ಎಂಬಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ, ಅಲ್ಲಿಗೆ ಸಲಿಗೆ ಮುಗಿಯಿತು. ಮುಂದಿನ ಒಂಬತ್ತು ಹತ್ತು ಕಿ.ಮೀ. ಕಾಡು, ಸರಾಸರಿ ಶೇ. 9. ಘಾಟಿಯಲ್ಲಿರುವಂತೆ ಹೇರ್‌ಪಿನ್ ತಿರುವುಗಳು ಇಲ್ಲಿ ಕಡಿಮೆ. ತಿರುವು ಇದ್ದರೆ ಅಲ್ಲೊಂದು ಕ್ಷಣ ಕಾಲಿಗೆ ಬಿಡುವು ಸಿಗುತ್ತದೆ. ಇಲ್ಲಿ ಆ ಕರುಣೆಯಿಲ್ಲ. ಪ್ರತಿ ಕಿಲೋಮೀಟರಿಗೆ ಹಳದಿ ತಲೆಯ ಮೈಲಿಗಲ್ಲು ನಿಂತು ಮುಂದಿನ ಕಿಲೋಮೀಟರಿನ ಏರು ಎಷ್ಟೆಂದು ಹೇಳುತ್ತದೆ. ಓದದೆ ಹೋಗುವುದು ವಾಸಿ. ಉಪಾಯ ಒಂದೇ: ಮೊದಲ ಆರು ಕಿಲೋಮೀಟರಿನಲ್ಲಿ ಮುಜುಗರವಾಗುವಷ್ಟು ನಿಧಾನ ಹೋಗಿ. ನಿಮ್ಮನ್ನು ಹಿಂದಿಕ್ಕಿದವರಲ್ಲಿ ಅರ್ಧ ಜನ ಕಾಡಿನಲ್ಲಿ ಸಿಗುತ್ತಾರೆ.

ಈ ಕಾಡೇ ಒಂದು ಕಥೆ. ತುಲೋಂ ಬಂದರಿನ ಹಡಗು ಕಟ್ಟೆಗಳಿಗೆ ಮರ ಒದಗಿಸಿ, ಕುರಿ ಮೇಯಿಸಿ, ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಬೆಟ್ಟ ಪೂರ್ತಿ ಬೋಳಾಗಿತ್ತು. 1861ರಿಂದ ಮತ್ತೆ ಗಿಡ ನೆಟ್ಟರು. ಉತ್ತರ ಆಫ್ರಿಕಾದ ಅಟ್ಲಾಸ್ ಬೆಟ್ಟಗಳ ಸೀಡರ್ ಇಲ್ಲಿ ಬಂದದ್ದು ಹಾಗೆ. ಅಂದರೆ ನಿಮ್ಮ ಬೆವರಿಗೆ ಈಗ ನೆರಳು ಕೊಡುವ ಮರಗಳು ಮನುಷ್ಯರೇ ನೆಟ್ಟವು. ಶಿಖರದ ಭಾಗ ಮಾತ್ರ ಬೋಳಾಗಿಯೇ ಉಳಿಯಿತು. ಬೇಸಿಗೆಯಲ್ಲೂ ದೂರದಿಂದ ಹಿಮವೆಂದು ಭ್ರಮೆ ಹುಟ್ಟಿಸುವುದು ಆ ಬಿಳಿ ಸುಣ್ಣಕಲ್ಲಿನ ಚೂರುಗಳೇ.

1,400 ಮೀಟರ್ ದಾಟಿದ ಮೇಲೆ ಶಾಲೆ ರೆನಾರ್ ಎಂಬ ಹೋಟೆಲು ಸಿಗುತ್ತದೆ, ಸೋ ದಾರಿ ಬಂದು ಸೇರುವುದು ಇಲ್ಲೇ. ನಿಲ್ಲಿ, ನೀರು ತುಂಬಿಸಿಕೊಳ್ಳಿ, ಮರಗಳನ್ನು ನೋಡಿ. ಕೊಂಬೆಗಳು ಜೋರಾಗಿ ಬಾಗುತ್ತಿದ್ದರೆ ಅಲ್ಲಿಂದಲೇ ಇಳಿದುಬಿಡಿ. ಇದರಲ್ಲಿ ಅವಮಾನವೇನಿಲ್ಲ, 2016ರ ಜುಲೈ 14ರಂದು ಟೂರ್ ಡಿ ಫ್ರಾನ್ಸ್ ಕೂಡ ಗಾಳಿಗೆ ಹೆದರಿ ಶಿಖರದ ಬದಲು ಇಲ್ಲೇ ಗೆರೆ ಎಳೆಯಿತು. ಶಿಖರದಿಂದ ಆರು ಕಿ.ಮೀ. ಕೆಳಗಿನ ಈ ಗೆರೆಯ ಬಳಿ ಜನ ಒತ್ತೊತ್ತಾಗಿ ಸೇರಿದ್ದರಿಂದ ಮೋಟಾರ್ ಸೈಕಲ್ಲಿಗೆ ಡಿಕ್ಕಿಯಾಗಿ, ಸೈಕಲ್ ಮುರಿದ ಸವಾರ ಕ್ರಿಸ್ ಫ್ರೂಮ್ ಮುಂಚೂಣಿಯವನ ಹಳದಿ ಜೆರ್ಸಿಯಲ್ಲೇ ಬೆಟ್ಟ ಓಡಿ ಹತ್ತಲು ಹೊರಟದ್ದು ಅದೇ ದಿನ.

ಮೇಲೆ ಬಿಳಿ ಕಲ್ಲು, ಕೆಂಪು ಬಿಳಿ ಗೋಪುರ, ಬಿಸಿಲು. ಮರವಿಲ್ಲದ್ದರಿಂದ ಶಿಖರ ಕೈಗೆ ಸಿಕ್ಕಷ್ಟು ಹತ್ತಿರ ಕಾಣುತ್ತದೆ, ಸಿಗುವುದಿಲ್ಲ. ಕೊನೆಯ ಒಂದೂವರೆ ಕಿ.ಮೀ. ಒಳಗೆ ಟಾಮ್ ಸಿಂಪ್ಸನ್ ಸ್ಮಾರಕ. 1965ರ ವಿಶ್ವ ಚಾಂಪಿಯನ್ ಆಗಿದ್ದ ಈ ಇಂಗ್ಲಿಷ್ ಸವಾರ 1967ರ ಜುಲೈ 13ರಂದು, ಟೂರ್ ನಡೆಯುತ್ತಿದ್ದಾಗಲೇ, ಇಲ್ಲಿ ಕುಸಿದು ಸತ್ತ. ಸುಡುವ ಸೆಕೆ, ದೇಹದಲ್ಲಿ ನೀರಿಲ್ಲ, ರಕ್ತದಲ್ಲಿ ಆಂಫೆಟಮಿನ್. ವಯಸ್ಸು 29. ಹಾದುಹೋಗುವವರು ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ. ನೀವು ನಿಮ್ಮ ನೀರು ಕುಡಿಯಿರಿ.

ಶಿಖರದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಕೆಳಗೆ ಮೂವತ್ತು ಡಿಗ್ರಿ ಇದ್ದ ದಿನ ಮೇಲೆ ಹದಿನೈದು ಇರುವುದು ಸಾಮಾನ್ಯ, ಬೆವರಿನ ಅಂಗಿಗೆ ಗಾಳಿ ತಾಗಿದರೆ ಹಲ್ಲು ಕಟಕಟ. ಜೇಬಿನಲ್ಲಿ ಮಡಚಿ ಇಡುವ ಗಾಳಿ ಜಾಕೆಟ್ಟು, ತೆಳು ಕೈಗವಸು ಇರಲೇಬೇಕು. ಮರೆತವರು ಹಳೆಯ ಸವಾರರ ಉಪಾಯದಂತೆ ವೃತ್ತಪತ್ರಿಕೆಯನ್ನು ಎದೆಗೆ ತುರುಕಿಕೊಳ್ಳಬಹುದು. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ತಿರುವಿಗೆ ಮೊದಲು ಗಟ್ಟಿ ಹಿಡಿದು ಬಿಡಿ. ವೃತ್ತಿಪರರು ಬೆದ್ವಾಂ ದಾರಿಯನ್ನು ಒಂದು ಗಂಟೆಯೊಳಗೆ ಹತ್ತುತ್ತಾರೆ. ನಮ್ಮಂಥವರಿಗೆ ಎರಡೂವರೆ ಗಂಟೆ ಗೌರವದ ಲೆಕ್ಕ. ಮೂರು ದಾರಿಯನ್ನೂ ಒಂದೇ ದಿನ ಹತ್ತುವವರಿಗೆಂದು 1988ರಿಂದ ಒಂದು ಕೂಟವೇ ಇದೆ. ಮೊದಲೇ ಹೆಸರು ನೋಂದಾಯಿಸಿ, ಊರೂರಲ್ಲಿ ಕಾರ್ಡಿಗೆ ಮೊಹರು ಹಾಕಿಸಿಕೊಳ್ಳಬೇಕು. ಕೂಟದ ಹೆಸರಿನ ಅರ್ಥ ‘ವಾಂತೂ ಬೆಟ್ಟದ ಹುಚ್ಚರು’. ಶಿಫಾರಸು ಮಾಡುವ ಧೈರ್ಯ ನನಗಿಲ್ಲ.

ಲುಬೆರೋಂ ಕಡೆಗೆ

ವಾರದಲ್ಲಿ ಎರಡು ದಿನ ಉಳಿದಿದ್ದರೆ ದಕ್ಷಿಣಕ್ಕೆ ಇಳಿಯಿರಿ. ಕವಾಯೋಂ ಬಳಿಯಿಂದ ಆಪ್ತ್ ಊರಿನ ಕಡೆಗೆ ಹಳೆಯ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿಯಿದೆ, ಕಲವೋಂ ದಾರಿ ಎಂದು ಹೆಸರು. ರೈಲು ಹತ್ತುತ್ತಿದ್ದ ದಾರಿಯಾದ್ದರಿಂದ ಏರು ಇದ್ದೂ ಇಲ್ಲದ ಹಾಗೆ. ಮಕ್ಕಳು, ವಯಸ್ಸಾದವರು ಎಲ್ಲರಿಗೂ ಆಗುತ್ತದೆ. ನಡುವೆ ಕ್ರಿ.ಪೂ. 3ರ ಜೂಲಿಯನ್ ಸೇತುವೆ. 2005ರವರೆಗೂ ಅದರ ಮೇಲೆ ಕಾರು ಓಡುತ್ತಿದ್ದವು, ಈಗ ಸೈಕಲ್ ಮತ್ತು ಕಾಲ್ನಡಿಗೆಗೆ ಮಾತ್ರ.

ಈ ದಾರಿಯನ್ನು ಬೆನ್ನೆಲುಬು ಮಾಡಿಕೊಂಡು ಎರಡೂ ಕಡೆಯ ಗುಡ್ಡದೂರುಗಳಿಗೆ ಹತ್ತಿ ಇಳಿಯಬೇಕು. ದಕ್ಷಿಣಕ್ಕೆ ಬೊನ್ಯೂ, ಲಾಕೋಸ್ತ್, ಮೆನೆರ್ಬ್. ಉತ್ತರಕ್ಕೆ ಕಾವಿಮಣ್ಣಿನ ಕೆಂಪು ಹಳದಿಯಲ್ಲಿ ಮಿಂದ ರೂಸಿಯೋಂ. ಶತ್ರುಗಳಿಗೆ ಹೆದರಿ ಎತ್ತರದಲ್ಲಿ ಕಟ್ಟಿಕೊಂಡ ಊರುಗಳಿವು, ಹಾಗಾಗಿ ಪ್ರತಿ ಕಾಫಿಗೂ ನೂರಿನ್ನೂರು ಮೀಟರ್ ಏರಬೇಕು. ಗೋರ್ದ್ ಬಹಳ ಚೆಂದದ ಊರು, ಆದರೆ ಬೇಸಿಗೆಯ ಮಧ್ಯಾಹ್ನ ಬಸ್ಸುಗಳ ನಡುವೆ ಸೈಕಲ್ ತಳ್ಳುವುದು ಸಾಕಾಗುತ್ತದೆ. ಬೆಳಗ್ಗೆ ಎಂಟರೊಳಗೆ ಹೋಗುವುದಾದರೆ ಮಾತ್ರ ಹೋಗಿ. ಬೊನ್ಯೂವಿನಿಂದ ಗುಡ್ಡದ ಸಾಲು ದಾಟಿದರೆ ಲೂರ್ಮಾರಾಂ. ಸಾಹಿತಿ ಆಲ್ಬರ್ಟ್ ಕಮೂ ನೊಬೆಲ್ ಹಣದಲ್ಲಿ 1958ರಲ್ಲಿ ಇಲ್ಲಿ ಮನೆ ಕೊಂಡ, ಎರಡು ವರ್ಷವೂ ಬಾಳಲಿಲ್ಲ. ಊರ ಸ್ಮಶಾನದಲ್ಲಿ ಗಿಡಗಂಟಿ ನಡುವೆ ಒಂದು ಒರಟು ಕಲ್ಲು, ಹೆಸರು, ಎರಡು ಇಸವಿ.

ಹನ್ನೆರಡರಿಂದ ಎರಡು

ಗಾಳಿಯ ನಂತರ ಇಲ್ಲಿ ಆಳುವುದು ಗಡಿಯಾರ. ಮಧ್ಯಾಹ್ನ ಹನ್ನೆರಡೂವರೆಗೆ ಹಳ್ಳಿಯ ಅಂಗಡಿಗಳು ಬಾಗಿಲೆಳೆದರೆ ಮತ್ತೆ ತೆಗೆಯುವುದು ಮೂರಕ್ಕೋ ನಾಲ್ಕಕ್ಕೋ. ಹೋಟೆಲುಗಳಲ್ಲಿ ಊಟ ಹನ್ನೆರಡರಿಂದ ಎರಡು, ಆಮೇಲೆ ಬಂದರೆ ಕಾಫಿ ಮಾತ್ರ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಎಷ್ಟೋ ಕಡೆ ಏನೂ ಇಲ್ಲ. ನಮ್ಮಲ್ಲಿ ಹೆದ್ದಾರಿ ಬದಿಗೆ ಯಾವ ಹೊತ್ತಿಗೂ ಇಡ್ಲಿ ಸಿಗುವ ಅಭ್ಯಾಸದಲ್ಲಿ ನಾನು ಎರಡೂಕಾಲಿಗೆ ಒಂದೂರು ತಲುಪಿ, ಮುಚ್ಚಿದ ಬಾಗಿಲುಗಳ ಮುಂದೆ ನಿಂತು ಜೇಬಿನ ಕೊನೆಯ ಶೇಂಗಾ ಚಿಕ್ಕಿ ತಿಂದಿದ್ದೇನೆ. ಬೆಳಗ್ಗೆಯೇ ಬೇಕರಿಯಲ್ಲಿ ಮಧ್ಯಾಹ್ನದ ಬ್ರೆಡ್ಡು ಕೊಂಡು ಬೆನ್ನಿಗೆ ಸಿಕ್ಕಿಸಿಕೊಳ್ಳಿ. ಒಳಗೆ ಕಾಲಿಡುವಾಗ ‘ಬೋಂಜೂರ್’ ಎನ್ನದೆ ನೇರವಾಗಿ ಬೇಕಾದದ್ದು ಕೇಳಿದರೆ ಅಲ್ಲಿ ಅದು ಒರಟುತನ. ಆ ಒಂದು ಪದಕ್ಕೆ ಮುಖ ಅರಳುತ್ತದೆ.

ಸಸ್ಯಾಹಾರಿಗಳು ಕಣ್ಣು ತೆರೆದಿರಬೇಕು. ತಪೆನಾದ್ ಎಂಬ ಕಪ್ಪು ಆಲಿವ್ ಚಟ್ನಿ ನೋಡಲು ನಿರುಪದ್ರವಿ, ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಅರೆದಿರುತ್ತದೆ. ಈರುಳ್ಳಿ ಹರಡಿದ ಪಿಸ್ಸಲದಿಯೇರ್ ರೊಟ್ಟಿಯ ಮೇಲೂ ಅದೇ ಮೀನು. ಹಸಿರು ಸಲಾಡಿನಲ್ಲಿ ಹಂದಿಮಾಂಸದ ಚೂರು ಅಡಗಿರುತ್ತದೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಅಂದರೆ ಮಾಂಸ ಬೇಡ, ಮೀನು ಬೇಡ, ಎಂದು ಎರಡನ್ನೂ ಬಿಡಿಸಿ ಹೇಳಿ. ನೆಮ್ಮದಿಯಿಂದ ತಿನ್ನಬಹುದಾದ್ದೂ ಬೇಕಾದಷ್ಟಿದೆ. ರಟಟುಯ್, ಬಿಸಿ ಮೇಕೆ ಚೀಸಿನ ಸಲಾಡು, ಬೇಸಿಗೆಯಾದರೆ ಸೂಪ್ ಓ ಪಿಸ್ತೂ. ಕೊನೆಯದು ನಮ್ಮ ಕಾಳು ತರಕಾರಿ ಹುಳಿಯ ದೂರದ ನೆಂಟ. ಹುಣಸೆ, ಖಾರ ಬಿಟ್ಟು, ಕಾಮಕಸ್ತೂರಿಯ ಜಾತಿಯ ಎಲೆಯನ್ನು ಬೆಳ್ಳುಳ್ಳಿ ಜೊತೆ ಅರೆದು ಹಾಕಿದಂತೆ. ಕವಾಯೋಂ ಕಡೆಯ ಕರಬೂಜ, ಬೆಟ್ಟದ ತಪ್ಪಲಿನ ಚೆರ್ರಿ ಸಿಕ್ಕಿದಲ್ಲಿ ಬಿಡಬೇಡಿ. ಊರಿನಿಂದ ಚಟ್ನಿಪುಡಿ, ಚಿಕ್ಕಿ ಒಯ್ಯಿರಿ, ಎರಡೂ ಆ ಬ್ರೆಡ್ಡಿಗೆ ಜೀವ ಕೊಡುತ್ತವೆ. ಪೇಡಾ, ತುಪ್ಪ ಬೇಡ, ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ.

ನೀರು ಊರಿನ ಕಾರಂಜಿ ತೊಟ್ಟಿಗಳಲ್ಲೇ ಸಿಗುತ್ತದೆ. ‘ಓ ಪೊತಾಬ್ಲ್’ ಎಂದಿದ್ದರೆ ಕುಡಿಯಬಹುದು, ಮುಂದೆ ‘ನೋಂ’ ಸೇರಿದ್ದರೆ ತಲೆ ಒದ್ದೆ ಮಾಡಿಕೊಳ್ಳಲಷ್ಟೇ.

ಹೋಗುವ ದಾರಿ, ಬಾಡಿಗೆ ಸೈಕಲ್, ರಸ್ತೆ ನಿಯಮ

ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲಿಂದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಸೈಕಲ್ ಸವಾರಿಯನ್ನು ‘ಸಾಹಸ ಕ್ರೀಡೆ’ ಎಂದು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರದಲ್ಲಿ ಓದಿ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ. ಅಲ್ಲಿಂದ ವೇಗದ ರೈಲಿನಲ್ಲಿ ಅವಿನ್ಯೋಂ ಸುಮಾರು ಮೂರು ಗಂಟೆ, ಮತ್ತೆ ಚಿಕ್ಕ ರೈಲಿನಲ್ಲಿ ಕಾರ್ಪಾಂತ್ರಾ ಅರ್ಧ ಮುಕ್ಕಾಲು ಗಂಟೆ. ಅಲ್ಲಿಂದ ಬೆದ್ವಾಂ ಹದಿನೈದು ಕಿ.ಮೀ. ಸೈಕಲ್ಲಿಗೆಂದೇ ಹೋಗುವವರು ಬೆದ್ವಾಂನಲ್ಲಿ ಬಿಡಾರ ಮಾಡಿ. ಸೈಕಲ್ ತುಳಿಯದ ಮನೆಯವರು ಜೊತೆಗಿದ್ದರೆ ವೆಝೋಂ ಮೇಲು, ನೋಡಲು ರೋಮನ್ ಅವಶೇಷ, ಮಂಗಳವಾರ ದೊಡ್ಡ ಸಂತೆ.

ಸ್ವಂತ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿ ಒಯ್ಯುವುದು ಎರಡು ವಾರಕ್ಕೆ ಸರಿ, ಒಂದು ವಾರಕ್ಕೆ ಬಾಡಿಗೆಯೇ ಸಲೀಸು. ಒಳ್ಳೆಯ ಕಾರ್ಬನ್ ರೋಡ್ ಬೈಕಿಗೆ ದಿನಕ್ಕೆ 40ರಿಂದ 70 ಯೂರೋ ಆಸುಪಾಸು. ಪೆಡಲ್, ಬೂಟು, ಹೆಲ್ಮೆಟ್ ನಿಮ್ಮದೇ ಒಯ್ಯಿರಿ. ಕಾಯ್ದಿರಿಸುವಾಗ ಗೇರು ಕೇಳಿ. ಮುಂದೆ 34 ಹಲ್ಲಿನ ಚಿಕ್ಕ ಚೈನ್‌ರಿಂಗ್, ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಚಕ್ರ ಇರಲೇಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಗೆ ಸಾಲುವ 28 ಇಲ್ಲಿ ಮೊಣಕಾಲು ತಿನ್ನುತ್ತದೆ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಅಲ್ಲಿ ಎಡಗೈಯದು. ಮೊದಲ ದಿನ ಇಳಿಜಾರಿನಲ್ಲಿ ಗಾಬರಿಯಾಗಿ ತಪ್ಪು ಕೈ ಒತ್ತಿ ನಾನು ಹ್ಯಾಂಡಲ್ ಮೇಲಿಂದ ಹಾರುವುದು ಕೂದಲೆಳೆಯಲ್ಲಿ ತಪ್ಪಿತು. ಅಂಗಡಿಯಲ್ಲೇ ಕೇಳಿ, ಸಾಧ್ಯವಾದರೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬಯಲಿನಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿ.

ವಾಹನಗಳು ಬಲಗಡೆ ಚಲಿಸುತ್ತವೆ. ವೃತ್ತದೊಳಗೆ ಆಗಲೇ ಇರುವವರಿಗೆ, ಅಂದರೆ ಎಡದಿಂದ ಬರುವವರಿಗೆ, ದಾರಿ ಬಿಡಬೇಕು. ಆದರೆ ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಸಂದಿಯಿಂದ ಅಜ್ಜಿಯೊಬ್ಬರು ತಿರುಗಿಯೂ ನೋಡದೆ ಕಾರು ನುಗ್ಗಿಸಿದರೆ ತಪ್ಪು ನಿಮ್ಮದೇ. ಊರ ಹೊರಗೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಕಾನೂನಿದೆ. ಇಬ್ಬರು ಜೊತೆಜೊತೆಯಾಗಿ ಹೋಗಬಹುದು, ಹಿಂದೆ ಕಾರು ಬಂದಾಗ ಒಬ್ಬರ ಹಿಂದೊಬ್ಬರಾಗಬೇಕು. ಬೆಲ್ ಕಡ್ಡಾಯ. ಹನ್ನೆರಡು ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವರಿಗೆ ಬುದ್ಧಿಯಿದ್ದರೆ ಕಡ್ಡಾಯ. ತುರ್ತಿಗೆ 112.

ಇನ್ನು ಆ ಗಾಳಿ. ಬೀಸುವ ದಿನವೂ ಹೊರಡಲೇಬೇಕೆಂದರೆ ಬೆಳಗ್ಗೆ ಉತ್ತರಕ್ಕೆ ಮುಖ ಮಾಡಿ ಹೊರಡಿ. ಕಾಲು ತಾಜಾ ಇರುವಾಗ ಅದರ ಎದುರು ತುಳಿದು, ದಣಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬನ್ನಿ. ಮೊದಲು ತಳ್ಳಿಸಿಕೊಂಡು ಹೋದವರ ವಾಪಸು ದಾರಿ ಹೇಗಿರುತ್ತದೆಂದು ನಾನು ವಿವರಿಸುವುದಿಲ್ಲ. ಸೈಪ್ರೆಸ್ ಸಾಲು ಮುಗಿಯುವ ಜಾಗಗಳಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಲಿ, ಪಕ್ಕದಿಂದ ಬರುವ ಹೊಡೆತ ಒಂದು ಗಜ ಆಚೆಗೆ ಎಸೆಯುತ್ತದೆ. ನಾಲ್ಕನೆಯ ಬೆಳಗ್ಗೆ ಎದ್ದು ಕಿಟಕಿ ತೆರೆದಾಗ ಎದುರಿನ ಕಬ್ಬಿಣದ ಪಂಜರ ಸದ್ದಿಲ್ಲದೆ ನಿಂತಿದ್ದು, ಹಿಂದೆ ಬೆಟ್ಟ ಗಾಜಿನಲ್ಲಿ ಕೊರೆದಷ್ಟು ಸ್ಪಷ್ಟವಾಗಿ ಕಂಡರೆ, ತಿಂಡಿಗೆ ಕೂರಬೇಡಿ. ಬಾಟಲಿ ತುಂಬಿಸಿ, ಜಾಕೆಟ್ಟು ಮಡಚಿ ಜೇಬಿಗೆ ಹಾಕಿ. ಬೇಕರಿ ಏಳಕ್ಕೆಲ್ಲ ತೆರೆದಿರುತ್ತದೆ.